ದರ್ಶಿನಿಯಲ್ಲಿ ನಿಂತೂ ನಿಂತೂ ಹುಡುಗರ ಕಾಲು, ಸೊಂಟ ಹೋಗುತ್ತಿದೆ. ಮೊದಲು ಯಾವುದನ್ನು ಸರಿ ಮಾಡಲಿ?

ಬೈಂದೂರು_ಮಂಜ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ನಾನು ಸೂಪರ್‌ವೈಸರ್. ಕ್ಲೀನರ್ ಆಗಿ ಸೇರಿದವನು. ಆಮೇಲೆ ಕಾಫಿ ಕೌಂಟರ್, ಪಾರ್ಸೆಲ್, ಗಲ್ಲಾ ಅಂತ ಎಲ್ಲಾ ಕಡೆ ನಿಂತು ಇಲ್ಲಿಗೆ ಬಂದೆ. ಯಾವ ಜಾಗದಲ್ಲಿ ನಿಂತರೆ ಮೈಯ ಯಾವ ಭಾಗ ಹಿಡಿದುಕೊಳ್ಳುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಮುಂದಿನ ತಿಂಗಳು ಅಡುಗೆಮನೆ ರಿಪೇರಿಗೆ ಮೂರು ದಿನ ಹೋಟೆಲ್ ಮುಚ್ಚುತ್ತೇವೆ. ಟೈಲ್ಸ್, ಚರಂಡಿ, ಚಿಮಣಿ ಕೆಲಸ ಇದೆ. "ಹುಡುಗರಿಗೆ ಅನುಕೂಲ ಆಗೋ ಹಾಗೆ ಏನಾದರೂ ಮಾಡೋದಿದ್ದರೆ ಈಗಲೇ ಹೇಳು, ಆಮೇಲೆ ಮತ್ತೆ ಒಡೆಯೋಕೆ ಆಗಲ್ಲ" ಅಂದಿದ್ದಾರೆ ಯಜಮಾನರು. ಹೋಟೆಲ್ ಲೈನಿನಲ್ಲಿ ಇಂಥ ಮಾತು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕಿರುವಾಗ ಸರಿಯಾಗಿ ಉಪಯೋಗಿಸಿಕೊಳ್ಳಬೇಕು ಅಂತ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ನಮ್ಮ ದೋಸೆ ಭಟ್ರ ವಿಷಯ. ಕಾವಲಿ ಮೇಲೆ ಒಂದು ಸಲಕ್ಕೆ 12 ದೋಸೆ, ನಾಲ್ಕರಂತೆ ಮೂರು ಸಾಲು. ನೀರು ಚಿಮುಕಿಸಬೇಕು, ಕಡ್ಡಿ ಪೊರಕೆಯಲ್ಲಿ ಗುಡಿಸಬೇಕು, ಹಿಟ್ಟು ಹುಯ್ದು ಸುತ್ತಬೇಕು, ಎಣ್ಣೆ ಬಿಡಬೇಕು, ಪಲ್ಯ ಇಟ್ಟು ಮಡಚಿ ಎತ್ತಬೇಕು. ಮುಂದಿನ ಸಾಲಿಗೆ ತೊಂದರೆ ಇಲ್ಲ. ಗೋಡೆ ಕಡೆಯ ಸಾಲಿಗೆ ಬಂದಾಗ ಅವರು ಹಿಮ್ಮಡಿ ಎತ್ತಿ, ತೋಳು ಪೂರ್ತಿ ಚಾಚಿ ಹಿಟ್ಟು ಸುತ್ತುತ್ತಾರೆ. ಹೊಟ್ಟೆಗೆ ಕಾವಲಿಯ ಅಂಚು ತಾಗಬಾರದಲ್ಲ, ಅದಕ್ಕೆ ಸೊಂಟವನ್ನು ಹಿಂದಕ್ಕೆ ಎಳೆದುಕೊಂಡೇ ಬಗ್ಗುತ್ತಾರೆ. ಈಗ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿಲ್ಲ. ಅಂಗಿ ತೊಡಿಸಲು ಹುಡುಗರು ಬೇಕು. ನೋಡಿದರೆ ಸಂಕಟ ಆಗುತ್ತದೆ.

ಕಾಫಿ ಹುಡುಗ ಬೆಳಿಗ್ಗೆ ಐದೂವರೆಗೆ ನಿಂತರೆ ಹನ್ನೊಂದರವರೆಗೆ ಅದೇ ಒಂದು ಅಡಿ ಜಾಗ. ಮೀನಖಂಡದಲ್ಲಿ ನರ ಉಬ್ಬಿ ನೀಲಿಗಟ್ಟಿದೆ. ಕ್ಲೀನರ್‌ಗಳಿಗೆ ಸಿಂಕ್ ಆಳ ಜಾಸ್ತಿ, ಡಬರಿ ಉಜ್ಜುವಾಗ ಸೊಂಟ ಪೂರ್ತಿ ಬಗ್ಗಿರುತ್ತದೆ. ನೆಲ ಯಾವಾಗಲೂ ಒದ್ದೆ, ಕಾಲಿಗೆ ಹವಾಯಿ ಚಪ್ಪಲಿ.

ಇನ್ನು ಗಲ್ಲಾ. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ, ಯಾಕೆಂದರೆ ಇಲ್ಲಿಯ ನೋವು ಹೊರಗೆ ಕಾಣುವುದಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತೂವರೆ ತನಕ ಒಬ್ಬನೇ ಹುಡುಗ. ಬಲಗಡೆ ಬಿಲ್ ಮೆಷಿನ್, ಎಡಗಡೆ ಸ್ವಿಗ್ಗಿ ಮತ್ತು ಝೊಮ್ಯಾಟೊದ ಒಂದೊಂದು ಟ್ಯಾಬ್, ಮುಂದೆ ಯುಪಿಐ ಸೌಂಡ್‌ಬಾಕ್ಸ್, ಹಿಂದೆ ಪಾರ್ಸೆಲ್ ಶೆಲ್ಫ್. "ಎರಡು ಖಾಲಿ, ಒಂದು ಚೌಚೌ, ಬೈಟೂ ಕಾಫಿ, ಒಂದರಲ್ಲಿ ಸಕ್ಕರೆ ಬೇಡ" ಅಂತ ಎದುರಿನವರು ಹೇಳುವಾಗಲೇ ಟ್ಯಾಬ್ ಕೂಗುತ್ತದೆ. ಅದನ್ನು ಒತ್ತುವಷ್ಟರಲ್ಲಿ ಸೌಂಡ್‌ಬಾಕ್ಸ್ ಯಾರದೋ 85 ರೂಪಾಯಿ ಬಂತು ಅನ್ನುತ್ತದೆ. ಯಾರದು ಅಂತ ತಲೆ ಎತ್ತಿ ನೋಡಿದರೆ ಮೂವರು ಮೊಬೈಲ್ ತೋರಿಸುತ್ತಿರುತ್ತಾರೆ. ಅಷ್ಟರಲ್ಲಿ ಫೋನಿನಲ್ಲಿ ಇನ್ನೊಬ್ಬರು 50 ಇಡ್ಲಿ ಆರ್ಡರ್ ಕೇಳುತ್ತಾರೆ. ರಾತ್ರಿ ಲೆಕ್ಕ ಹಾಕುವಾಗ ಕ್ಯಾಶ್ ಕಡಿಮೆ ಬಂದರೆ ಅವನ ಸಂಬಳದಿಂದ ಮುರಿಯುವ ಪದ್ಧತಿ ಇದೆ. ಹುಡುಗನಿಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಮಲಗಿದಾಗಲೂ ಟ್ಯಾಬ್ ಶಬ್ದ ಕೇಳಿಸುತ್ತದೆ ಅನ್ನುತ್ತಾನೆ. ಆದರೂ ಕೆಲಸಕ್ಕೆ ಜನ ಬೇಕಾದಾಗ ನಾವು ಹಾಕುವ ಬೋರ್ಡಿನಲ್ಲಿ "ಮಲ್ಟಿಟಾಸ್ಕಿಂಗ್ ಗೊತ್ತಿರಬೇಕು" ಅಂತಲೇ ಇರುತ್ತದೆ.

"ಈಗಿನ ಹುಡುಗರಿಗೆ ತ್ರಾಣ ಇಲ್ಲ" ಅನ್ನುತ್ತಾರೆ ಯಜಮಾನರು. ನನಗೆ ಇದು ಒಪ್ಪಿಗೆ ಇಲ್ಲ. ಅದೇ ಕಾಫಿ ಹುಡುಗ ರಜೆಗೆ ಊರಿಗೆ ಹೋದರೆ ದಿನವಿಡೀ ಗದ್ದೆಯಲ್ಲಿ ಓಡಾಡಿಕೊಂಡು ದುಡಿಯುತ್ತಾನೆ, ಕಾಲು ನೋವು ಅನ್ನುವುದಿಲ್ಲ. ಇಲ್ಲಿ ಕದಲದೆ ನಿಂತರೆ ನೋವು. ಅಂದ ಮೇಲೆ ಅವನ ಕಾಲಿನ ತಪ್ಪಲ್ಲ, ನಾವು ನಿಲ್ಲಿಸಿದ ರೀತಿಯ ತಪ್ಪು ಅಲ್ವಾ?

ದುಡ್ಡು ಮಿತಿಯಲ್ಲಿದೆ. ಕಟ್ಟೆಯ ಎತ್ತರ ಎಷ್ಟಿರಬೇಕು? ಮೊದಲು ಯಾವುದಕ್ಕೆ ಕೈ ಹಾಕಲಿ? ಗಲ್ಲಾಕ್ಕೆ ಇನ್ನೊಬ್ಬರನ್ನು ಕೊಡಿ ಅಂತ ಯಜಮಾನರನ್ನು ಒಪ್ಪಿಸುವುದು ಹೇಗೆ? ಹೋಟೆಲ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ_ಕಾವಲಿ (ಶಿವಮೊಗ್ಗ)

ಮಂಜಣ್ಣ, ನಾನೂ ದೋಸೆ ಮಾಸ್ಟರ್ ಆಗಿದ್ದವನು. ಈಗ ಸ್ವಂತ ಮೆಸ್ ಇದೆ. ಭಟ್ರ ಭುಜದ ಕಥೆ ಓದಿ ನನ್ನ ಭುಜವೇ ನೆನಪಾಯಿತು.

ಒಡೆಯುವ ಮೊದಲು ಭಟ್ರನ್ನೇ ಕಾವಲಿ ಮುಂದೆ ನಿಲ್ಲಿಸಿ, ಟೇಪ್ ಹಿಡಿದು ಅಳತೆ ತೆಗೆಯಿರಿ. ಬಡಗಿಯೋ ವೆಲ್ಡರೋ ಹೇಳಿದ ಅಳತೆಗೆ ಒಪ್ಪಬೇಡಿ. ಅವರು ಎಲ್ಲಾ ಹೋಟೆಲಿಗೂ ಒಂದೇ ಎತ್ತರ ಕಟ್ಟುತ್ತಾರೆ. ಕುಳ್ಳಗಿರುವ ಮಾಸ್ಟರಿಗೆ ಭುಜ ಹೋಗುತ್ತದೆ, ಎತ್ತರದವನಿಗೆ ಸೊಂಟ ಹೋಗುತ್ತದೆ. ಇಬ್ಬರು ಮಾಸ್ಟರ್ ಶಿಫ್ಟ್ ಮೇಲೆ ಬರುವುದಾದರೆ ಎತ್ತರದವರ ಅಳತೆಗೆ ಕಟ್ಟಿಸಿ, ಕುಳ್ಳಗಿರುವವರಿಗೆ ಕಾಲ ಕೆಳಗೆ ಮರದ ಹಲಗೆ ಹಾಕಿ. ಹಲಗೆ ಅಂದರೆ ಅಗಲವಾಗಿ, ಅಲ್ಲಾಡದ ಹಾಗೆ ಇರಬೇಕು. ಎರಡು ಇಟ್ಟಿಗೆ ಮೇಲೆ ಪಟ್ಟಿ ಇಟ್ಟು ನಿಲ್ಲಿಸುವುದು ಬೇಡ. ಬಿಸಿ ಕಾವಲಿ ಮುಂದೆ ಕಾಲು ಜಾರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಗೋಡೆ ಕಡೆಯ ಸಾಲಿನ ವಿಷಯ. ಕಾವಲಿ ಬದಲಾಯಿಸಲು ದುಡ್ಡಿಲ್ಲ ಅಂದರೆ ಆ ಸಾಲಿನಲ್ಲಿ ಹುಯ್ಯುವುದನ್ನೇ ಬಿಡಿ. ನಾನು ನನ್ನ ಮೆಸ್ಸಿನಲ್ಲಿ ಹಾಗೇ ಮಾಡಿದ್ದೇನೆ. ಹಿಂದಿನ ಸಾಲಿಗೆ ಸೆಟ್ ದೋಸೆ ಜರುಗಿಸಿ ಬಿಸಿ ಇಡುತ್ತೇನೆ ಅಷ್ಟೇ, ಸುತ್ತುವ ಕೆಲಸ ಎಲ್ಲಾ ಮುಂದಿನ ಎರಡು ಸಾಲಿನಲ್ಲಿ. 12ರ ಜಾಗಕ್ಕೆ ಎಂಟು ಆಗುತ್ತದೆ, ನಿಜ. ಆದರೆ ಕೊನೆ ತನಕ ಕೈ ಒಂದೇ ವೇಗದಲ್ಲಿ ನಡೆಯುತ್ತದೆ. 12 ಹುಯ್ಯುವ ಮಾಸ್ಟರ್ ಒಂಬತ್ತೂವರೆಗೆಲ್ಲಾ ನಿಧಾನ ಆಗಿರುತ್ತಾನೆ, ಬೇಕಾದರೆ ನಿಂತು ನೋಡಿ.

ಇನ್ನೊಂದು ಮಾತು. ಹಿಟ್ಟಿನ ಪಾತ್ರೆ ನೆಲದ ಮೇಲೆ ಇದೆಯಾ? ಇದ್ದರೆ ಇವತ್ತೇ ಎತ್ತಿಡಿಸಿ. ಸೊಂಟದ ಮಟ್ಟಕ್ಕೆ ಒಂದು ಸ್ಟ್ಯಾಂಡ್, ಅದರ ಮೇಲೆ ಹತ್ತು ಲೀಟರಿನ ಪಾತ್ರೆ. ಮುಗಿದ ಹಾಗೆ ಇನ್ನೊಂದು ತಂದಿಡಲಿ. 30 ಲೀಟರ್ ಹಿಟ್ಟು ತುಂಬಿದರೆ ಪಾತ್ರೆ ಸೇರಿ 30 ಕಿಲೋ ದಾಟುತ್ತದೆ. ಅದನ್ನು ಒದ್ದೆ ನೆಲದಲ್ಲಿ ಒಬ್ಬನೇ ಎತ್ತುವುದು ಕೆಲಸ ಅಲ್ಲ, ಶಿಕ್ಷೆ.

ಫಿಸಿಯೋ_ಧಾರವಾಡ

ಮಂಜ ಅವರೇ, ಎಲ್ಲಕ್ಕಿಂತ ಮೊದಲು ಭಟ್ರ ವಿಷಯ. ಕೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ಅಂಗಿ ತೊಡಲು ಆಗುವುದಿಲ್ಲ ಅಂದರೆ ಅದು ಬರೀ ಸುಸ್ತಿನ ನೋವಲ್ಲ. ಭುಜದ ಒಳಗಿನ ಸ್ನಾಯು ಸವೆದಿರಬಹುದು, ಅಥವಾ ಕೀಲು ಬಿಗಿದುಕೊಂಡಿರಬಹುದು. ಹೀಗೆ ಕೀಲು ಬಿಗಿಯುವುದಕ್ಕೆ ಫ್ರೋಝನ್ ಶೋಲ್ಡರ್ ಅನ್ನುತ್ತಾರೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಹಾಗಾಗಿ ಮೂಳೆ ಡಾಕ್ಟರಿಗೆ ತೋರಿಸುವಾಗ ಶುಗರ್ ಟೆಸ್ಟನ್ನೂ ಮಾಡಿಸಿ. ರಿಪೇರಿ ಮುಂದಿನ ತಿಂಗಳು ಆಗಲಿ, ಇದು ಈ ವಾರವೇ ಆಗಲಿ.

ಕಟ್ಟೆ ಎತ್ತರ ಕೇಳಿದ್ದೀರಿ. ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲ. ನೆಟ್ಟಗೆ ನಿಂತು ಮೊಣಕೈ ಮಡಚಿದಾಗ ಅದು ಎಲ್ಲಿಗೆ ಬರುತ್ತದೋ ಅಲ್ಲಿಂದ ಲೆಕ್ಕ. ಕಾಫಿ ಬೆರೆಸುವುದು, ಪ್ಲೇಟ್ ಜೋಡಿಸುವುದು ಇಂಥ ಹಗುರ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ 5ರಿಂದ 10 ಸೆಂ.ಮೀ. ಕೆಳಗಿರಲಿ. ಪೂರಿ ಹಿಟ್ಟು ನಾದುವಂಥ ಬಲ ಹಾಕುವ ಕೆಲಸಕ್ಕೆ 20 ಸೆಂ.ಮೀ. ಅಥವಾ ಇನ್ನೂ ಕೆಳಗೆ ಬೇಕು, ಆಗ ಮೈಯ ಭಾರ ಕೈಗೆ ಸಿಗುತ್ತದೆ.

ಸಿಂಕಿನಲ್ಲಿ ಮಾತ್ರ ಬಹಳ ಜನ ಅಂಚಿನ ಎತ್ತರ ನೋಡುತ್ತಾರೆ. ಕೈ ಕೆಲಸ ಮಾಡುವುದು ಸಿಂಕಿನ ತಳದಲ್ಲಿ. ಆ ತಳವನ್ನು ಮೇಲೆ ತರಬೇಕು. ಹೊಸ ಸಿಂಕ್ ಬೇಡ, ತೂತಿರುವ ಗಟ್ಟಿ ಪ್ಲಾಸ್ಟಿಕ್ ಕ್ರೇಟನ್ನು ಒಳಗೆ ಬೋರಲು ಹಾಕಿ ಅದರ ಮೇಲೆ ಪಾತ್ರೆ ಇಟ್ಟು ಉಜ್ಜಲಿ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು.

ಕಾಫಿ ಹುಡುಗನ ಬಗ್ಗೆ ನೀವು ಹೇಳಿದ ಗದ್ದೆ ಮಾತು ಸರಿಯಾಗಿದೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕದಲದೆ ನಿಂತರೆ ಆ ಕೆಲಸ ನಿಂತುಹೋಗಿ ರಕ್ತ ಕಾಲಿನಲ್ಲೇ ಉಳಿಯುತ್ತದೆ. ಕಾಲು ಊದುವುದು, ನರ ಉಬ್ಬುವುದು ಇದರಿಂದಲೇ ಜಾಸ್ತಿ ಆಗುತ್ತದೆ. ಕೌಂಟರ್ ಕೆಳಗೆ ನೆಲದಿಂದ 15 ಸೆಂ.ಮೀ. ಎತ್ತರಕ್ಕೆ ಒಂದು ಪೈಪ್ ಬೆಸುಗೆ ಹಾಕಿಸಿ. ಒಂದು ಕಾಲು ಅದರ ಮೇಲೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲು. ಹಿಂದೆ ಒರಗಿ ಕೂರುವಂಥ ಎತ್ತರದ ಸ್ಟೂಲ್ ಇರಲಿ. ಗಿರಾಕಿ ಇಲ್ಲದ ಐದು ನಿಮಿಷ ಅದರ ಮೇಲೆ ಕೂರಲಿ. ನೆಲಕ್ಕೆ ರಬ್ಬರ್ ಮ್ಯಾಟ್ ಹಾಕುವುದಾದರೆ ನೀರು ಇಳಿಯುವ ತೂತು ಇರುವುದು, ಎಣ್ಣೆ ತಡೆಯುವುದು ತನ್ನಿ. ಅಂಚು ಇಳಿಜಾರು ಇರಲಿ, ಇಲ್ಲದಿದ್ದರೆ ಎಡವುತ್ತಾರೆ. ದಿನಾ ಎತ್ತಿ ತೊಳೆಯಬೇಕು.

ಬಿಗಿ ಸಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ ಅಂತ ಸುಮ್ನೆ ತಂದು ಹಾಕಬೇಡಿ. ಕಾಲಿನ ರಕ್ತ ಓಡಾಟ ಮೊದಲೇ ಕಡಿಮೆ ಇರುವವರಿಗೆ ತೊಂದರೆ ಆಗಬಹುದು. ಡಾಕ್ಟರ್ ನೋಡಿ ಹೇಳಲಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋವು ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಲ್ಲಿಗೆ_ಮೈಸೂರು

ಮಂಜ, ನಾನು ಲಾಡ್ಜಿಂಗ್ ಕಡೆಯವಳು, ಮೈಸೂರಿನ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ದೋಸೆ ನಮ್ಮದಲ್ಲ, ಆದರೆ ನಿಮ್ಮ ಗಲ್ಲಾ ಹುಡುಗನ ಕಷ್ಟ ನಮ್ಮಲ್ಲೂ ಇದೆ.

ಬೆಳಿಗ್ಗೆ ಲಾಂಡ್ರಿಗೆ ಬೆಡ್‌ಶೀಟ್, ದಿಂಬಿನ ಕವರ್, ಟವೆಲ್ ಎಣಿಸಿ ಕೊಡುತ್ತೇವೆ. 47ರ ತನಕ ಎಣಿಸಿರುತ್ತೇನೆ. ವಾಕಿಟಾಕಿಯಲ್ಲಿ "ಮೇಡಂ, 204 ಚೆಕ್‌ಔಟ್ ಆಯ್ತು, ಗೆಸ್ಟ್ ಕೆಳಗೆ ಕಾಯ್ತಿದ್ದಾರೆ" ಅಂತ ಬರುತ್ತದೆ. ಉತ್ತರ ಕೊಟ್ಟು ತಿರುಗಿದರೆ 47 ಇತ್ತಾ 57 ಇತ್ತಾ ಗೊತ್ತಿಲ್ಲ. ಮತ್ತೆ ಒಂದರಿಂದ. ನಮ್ಮ ತಲೆ ಎರಡು ಕೆಲಸ ಒಟ್ಟಿಗೆ ಮಾಡುವುದಿಲ್ಲ, ಇದರಿಂದ ಅದಕ್ಕೆ ಹಾರುತ್ತದೆ ಅಷ್ಟೇ. ಹಾರಿ ಬರುವಾಗಲೆಲ್ಲಾ ಏನಾದರೂ ಕೈಬಿಟ್ಟುಹೋಗುತ್ತದೆ. ನಿಮ್ಮ ಗಲ್ಲಾದಲ್ಲಿ ಕೈಬಿಟ್ಟುಹೋಗುವುದು ದುಡ್ಡು. ಯಜಮಾನರಿಗೆ ಹೀಗೆ ಹೇಳಿ, ಅರ್ಥ ಆಗುತ್ತದೆ. ಹುಡುಗನ ನಿದ್ದೆ ಬಗ್ಗೆ ಹೇಳಿದರೆ ಅಯ್ಯೋ ಪಾಪ ಅಂದು ಸುಮ್ಮನಾಗುತ್ತಾರೆ. ಒಂದು ವಾರ ತಪ್ಪು ಬಿಲ್, ವಾಪಸ್ ಬಂದ ಪಾರ್ಸೆಲ್, ಕಡಿಮೆ ಬಂದ ಕ್ಯಾಶ್, ಎಲ್ಲಾ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಯಾವ ಹೊತ್ತಿನಲ್ಲಿ ಆಯಿತು ಅಂತಲೂ ಬರೆಯಿರಿ. ರಶ್ ಹೊತ್ತಿನಲ್ಲೇ ಗುಂಪು ಗುಂಪಾಗಿ ಬರುತ್ತದೆ, ನೋಡಿ. ಆ ಎರಡೂವರೆ ಗಂಟೆಗೆ ಟ್ಯಾಬ್‌ಗಳನ್ನು ಪಾರ್ಸೆಲ್ ಹುಡುಗನ ಹತ್ತಿರ ಸಾಗಿಸಿ. ಅದೂ ಆಗದಿದ್ದರೆ ವಿಪರೀತ ರಶ್ ಇರುವಾಗ ಆನ್‌ಲೈನ್ ಆರ್ಡರನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆ ಆ್ಯಪ್‌ಗಳಲ್ಲಿ ಅದಕ್ಕೆ ಅವಕಾಶ ಇದೆ.

ನಮ್ಮಲ್ಲಿ ಈಗ ಎಣಿಸುವ ಹೊತ್ತಿನಲ್ಲಿ ವಾಕಿಟಾಕಿ ಇನ್ನೊಬ್ಬಳ ಕೈಯಲ್ಲಿ ಇರುತ್ತದೆ. ಹಾಸಿಗೆ ಎತ್ತಿ ಶೀಟ್ ಸಿಕ್ಕಿಸುವುದನ್ನೂ ಇಬ್ಬರೇ ಮಾಡಬೇಕು ಅಂತ ಮಾಡಿದ್ದೇವೆ. ಡಬಲ್ ಬೆಡ್ಡಿನ ಹಾಸಿಗೆ ಮೂಲೆಯನ್ನು ಬಗ್ಗಿ ಒಂದೇ ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಶೀಟ್ ಒಳಗೆ ತಳ್ಳುವುದು, ರೂಮಿಗೆ ನಾಲ್ಕು ಮೂಲೆ, ಹುಡುಗಿಯರ ಸೊಂಟ ಹೋಗುತ್ತಿದ್ದದ್ದು ಅಲ್ಲೇ. ಎರಡೂ ಕಡೆ ಒಬ್ಬೊಬ್ಬರು ಮಂಡಿ ಊರಿ ಮಾಡಿದರೆ ಬೇಗ ಮುಗಿಯುತ್ತದೆ, ನೋವೂ ಇಲ್ಲ.

ನೀವು ಬರೆಯದೇ ಇರುವ ಒಂದು ವಿಷಯ ಕೇಳುತ್ತೇನೆ. ನಿಮ್ಮ ಕೆಲಸದವರಿಗೆ ಟಾಯ್ಲೆಟ್ ಎಲ್ಲಿದೆ? ಅಲ್ಲಿ ಹೆಂಗಸರೂ ಇದ್ದಾರಾ? ಟಾಯ್ಲೆಟ್ ದೂರ ಇದ್ದರೆ, ಕೌಂಟರ್ ಬಿಟ್ಟು ಹೋಗಲು ಬಿಡದಿದ್ದರೆ, ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅಡುಗೆಮನೆ ಬಿಸಿಯಲ್ಲಿ ನೀರು ಕುಡಿಯದೆ ನಿಂತರೆ ಉರಿಮೂತ್ರ, ಕಿಡ್ನಿ ಕಲ್ಲು ಎಲ್ಲಾ ಬರುತ್ತದೆ. ನೆಲ ಒಡೆಯುವಾಗ ಇದನ್ನೂ ನೋಡಿ.

ಬೈಂದೂರು_ಮಂಜ

ಅಕ್ಕ, ಸರಿಯಾದ ಜಾಗಕ್ಕೇ ಬಂದಿರಿ. ತರಕಾರಿ ಹೆಚ್ಚುವ ಮೂವರು ಹೆಂಗಸರು ಇದ್ದಾರೆ. ಅವರು ಪಕ್ಕದ ಕಾಂಪ್ಲೆಕ್ಸಿಗೆ ಹೋಗಿ ಬರಬೇಕು. ಮಧ್ಯಾಹ್ನದ ತನಕ ನೀರೇ ಕುಡಿಯುವುದಿಲ್ಲ ಅಂತ ಅವರಲ್ಲಿ ಒಬ್ಬರು ಇವತ್ತು ಕೇಳಿದಾಗ ಹೇಳಿದರು. ಚರಂಡಿ ಹೇಗೂ ಒಡೆಯುತ್ತೇವೆ, ಹಿಂದಿನ ಸ್ಟೋರ್ ರೂಮಿನ ಮೂಲೆಯಲ್ಲಿ ಒಂದು ಟಾಯ್ಲೆಟ್‌ಗೆ ಲೈನ್ ಸಿಗುತ್ತದಾ ಅಂತ ಪ್ಲಂಬರಿಗೆ ಕೇಳುತ್ತೇನೆ. ಅಡುಗೆಮನೆಯ ಕಡೆಗೆ ಬಾಗಿಲು ಬರದ ಹಾಗೆ ಹೊರಗಿನಿಂದ ದಾರಿ ಮಾಡಿಸುತ್ತೇನೆ.

ಸಂಬಳದಿಂದ ಮುರಿಯುವುದು, ಕೆಲಸದ ಗಂಟೆ, ಇದರ ಕಾನೂನು ಯಾರಿಗಾದರೂ ಸರಿಯಾಗಿ ಗೊತ್ತಾ? ನಮ್ಮಲ್ಲಿ ಬೆಳಿಗ್ಗೆ ಬಂದು, ಮಧ್ಯಾಹ್ನ ಬಿಟ್ಟು, ಸಂಜೆ ಮತ್ತೆ ಬರುವ ಬ್ರೇಕ್ ಶಿಫ್ಟ್ ಇದೆ. ಐದೂವರೆಗೆ ಬಂದ ಹುಡುಗ ಮಧ್ಯಾಹ್ನ ರೂಮಿನಲ್ಲಿ ಒಂದಿಷ್ಟು ಹೊರಳಾಡಿ, ರಾತ್ರಿ ಒಂಬತ್ತೂವರೆ ತನಕ ಇರುತ್ತಾನೆ.

ಪಿಎಫ್_ಇಎಸ್ಐ_ಹುಬ್ಬಳ್ಳಿ

ಅಂಗಡಿ, ಹೋಟೆಲುಗಳ ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ಕೆಲಸಗಾರರ ಸರ್ಕಾರಿ ವಿಮೆ) ಲೆಕ್ಕ ಬರೆಯುವುದು ನನ್ನ ಕೆಲಸ. ಗೊತ್ತಿರುವುದನ್ನು ಹೇಳುತ್ತೇನೆ.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಹೋಟೆಲಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಜಾಸ್ತಿ ದುಡಿದರೆ ಓಟಿ, ಸಂಬಳದ ಎರಡು ಪಟ್ಟು ಲೆಕ್ಕದಲ್ಲಿ. ಐದು ಗಂಟೆ ಕೆಲಸ ಆದ ಮೇಲೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ನಿಮ್ಮ ಬ್ರೇಕ್ ಶಿಫ್ಟಿಗೆ ಮುಖ್ಯವಾದ ಮಾತು ಬೇರೆ ಇದೆ. ಮಧ್ಯದ ಬಿಡುವೂ ಸೇರಿ ಶುರುವಿನಿಂದ ಕೊನೆ ತನಕ 12 ಗಂಟೆ ಮೀರಬಾರದು. ಐದೂವರೆಯಿಂದ ಒಂಬತ್ತೂವರೆ ಅಂದರೆ 16 ಗಂಟೆ ಆಯಿತು. ಇದನ್ನು ಯಜಮಾನರಿಗೆ ಸಮಾಧಾನವಾಗಿ, ಆದರೆ ಸ್ಪಷ್ಟವಾಗಿ ಹೇಳಿ.

ಕ್ಯಾಶ್ ಕಡಿಮೆ ಬಂತು ಅಂತ ಹಾಗೇ ಮುರಿದುಕೊಳ್ಳುವ ಹಾಗಿಲ್ಲ. ಅವನ ಅಜಾಗರೂಕತೆಯಿಂದಲೇ ಹೋಯಿತು ಅನ್ನುವುದು ಗೊತ್ತಾಗಬೇಕು, ಮುರಿಯುವ ಮೊದಲು ಅವನ ಮಾತು ಕೇಳಬೇಕು. ನಾಲ್ಕು ಕೆಲಸ ಒಬ್ಬನ ತಲೆಗೆ ಕಟ್ಟಿದವರು ಅವನದೇ ಅಜಾಗರೂಕತೆ ಅನ್ನುವುದು ನ್ಯಾಯ ಅಲ್ಲ ಅನ್ನುವುದು ನನ್ನ ಸ್ವಂತ ಅಭಿಪ್ರಾಯ.

ಕೂರುವ ವಿಷಯ ಬಂತಲ್ಲ, ಕೇರಳದ ಉದಾಹರಣೆ ಯಜಮಾನರಿಗೆ ಹೇಳಿ. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆ ಅಂಗಡಿ ಹೆಣ್ಣುಮಕ್ಕಳು ಇಡೀ ದಿನ ನಿಂತೇ ಇರಬೇಕಿತ್ತು. ಪಿ. ವಿಜಿ ಅನ್ನುವವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕಾಯ್ದೆ ತಿದ್ದಿ ಕೂರುವ ಹಕ್ಕು ಕೊಟ್ಟಿತು, 2021ರಲ್ಲಿ ತಮಿಳುನಾಡು ಕೊಟ್ಟಿತು. ಕಾರ್ಖಾನೆಗಳಿಗಂತೂ 1948ರ ಕಾಯ್ದೆಯಲ್ಲೇ ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕು ಅಂತ ಇತ್ತು. ಹಾಗಾಗಿ ನೀವು ಸ್ಟೂಲ್ ಕೇಳುವುದು ವಿಚಿತ್ರ ಏನಲ್ಲ.

ಕೊನೆಗೆ ಇಎಸ್ಐ. ಹತ್ತು ಅಥವಾ ಹೆಚ್ಚು ಜನ ಇದ್ದರೆ, ತಿಂಗಳ ಸಂಬಳ 21,000 ರೂಪಾಯಿ ಒಳಗಿರುವವರಿಗೆ ಕಟ್ಟಲೇಬೇಕು. ಕೆಲಸಗಾರನದು ಶೇ. 0.75, ಮಾಲೀಕರದು ಶೇ. 3.25. ಭಟ್ರ ಹೆಸರು ಅದರಲ್ಲಿದ್ದರೆ ರಾಜಾಜಿನಗರದ ಇಎಸ್ಐ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ರೆಸ್ಟ್ ಬರೆದುಕೊಟ್ಟರೆ, ಕಂತು ಸರಿಯಾಗಿ ಕಟ್ಟಿದ್ದರೆ, ಶೇ. 70ರಷ್ಟು ಸಂಬಳ ಸಿಗುತ್ತದೆ, ವರ್ಷಕ್ಕೆ 91 ದಿನದ ತನಕ. ರಜೆ ಹಾಕಿದರೆ ಸಂಬಳ ಹೋಗುತ್ತದೆ ಅಂತ ಹೆದರಿ ಬಹಳ ಮಾಸ್ಟರ್‌ಗಳು ನೋವು ನುಂಗಿಕೊಂಡು ನಿಲ್ಲುತ್ತಾರೆ. ಇದು ಅವರಿಗೆ ಗೊತ್ತಿರಲಿ.

ಬೈಂದೂರು_ಮಂಜ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಯಜಮಾನರ ಜೊತೆ ಕೂತು ಮಾತಾಡಿದೆ. ಅಕ್ಕ ಹೇಳಿದ ಹಾಗೆ ನೋಟ್‌ಬುಕ್ ಇಟ್ಟುಕೊಂಡೇ ಹೋಗಿದ್ದೆ. ಬಿಲ್ ತಪ್ಪಿದ್ದು ಹೆಚ್ಚು ಕಡಿಮೆ ಎಲ್ಲಾ ಎಂಟೂವರೆಯಿಂದ ಹತ್ತರ ಒಳಗೆ. ಅವರು ಪುಟ ತಿರುವಿ ತಿರುವಿ ನೋಡಿದರು. ಟ್ಯಾಬ್ ಎರಡೂ ಇವತ್ತಿನಿಂದ ಪಾರ್ಸೆಲ್ ಕಡೆ ಹೋಗಿವೆ. ಸಂಬಳದಿಂದ ಮುರಿಯುವುದನ್ನು ನಿಲ್ಲಿಸುತ್ತೇನೆ ಅಂತ ಬಾಯಲ್ಲಿ ಹೇಳಿದ್ದಾರೆ, ಬರೆದು ಹಾಕಿಸಬೇಕು.

ಬ್ರೇಕ್ ಶಿಫ್ಟ್ ಮಾತಿಗೆ ಮಾತ್ರ ಒಪ್ಪಿಲ್ಲ. ಇನ್ನಿಬ್ಬರು ಬೇಕಾಗುತ್ತಾರೆ ಅನ್ನುತ್ತಾರೆ. ನಾನು ಬಿಡುವುದಿಲ್ಲ. ಒಂದು ಗುಂಪು ಐದೂವರೆಗೆ ಬಂದು ಎರಡೂವರೆಗೆ ಹೋಗುವ ಹಾಗೆ, ಇನ್ನೊಂದು ಹನ್ನೆರಡೂವರೆಗೆ ಬಂದು ಒಂಬತ್ತೂವರೆಗೆ ಮುಗಿಸುವ ಹಾಗೆ ಪಟ್ಟಿ ಬರೆದಿದ್ದೇನೆ. ಮಧ್ಯೆ ಊಟದ ಹೊತ್ತಿಗೆ ಎರಡೂ ಗುಂಪು ಇರುತ್ತದೆ. ಎಷ್ಟು ಜನ ನಿಜವಾಗಿ ಹೆಚ್ಚು ಬೇಕು ಅಂತ ಒಂದೊಂದೇ ಜಾಗಕ್ಕೆ ಲೆಕ್ಕ ಹಾಕುತ್ತಿದ್ದೇನೆ.

ಭಟ್ರಿಗೆ ಇಎಸ್ಐ ಇದೆ. ಸೋಮವಾರ ನಾನೇ ಜೊತೆಗೆ ಹೋಗುತ್ತೇನೆ. ಅಳತೆಯನ್ನೂ ತೆಗೆದಾಯಿತು. ಕಾವಲಿ ಅವರ ಮೊಣಕೈ ಮಟ್ಟಕ್ಕೇ ಬಂದಿದೆ, ಅಂದರೆ ಅವರಿಗೆ ಅದು ಎತ್ತರವೇ. ಸಂಜೆ ಮಾಸ್ಟರ್ ಅವರಿಗಿಂತ ಎತ್ತರ, ಅದಕ್ಕೆ ಕಾವಲಿಯನ್ನು ಇಳಿಸುವುದಿಲ್ಲ, ಭಟ್ರಿಗೆ ಹಲಗೆ ಮಾಡಿಸುತ್ತೇನೆ.

ಹಳೇ ಕಾವಲಿ ಅಣ್ಣ, ಹಲಗೆಗೆ ಯಾವ ಮರ ಹಾಕಿಸಿದ್ದೀರಿ? ದಿನಾ ನೀರು, ಎಣ್ಣೆ ಬೀಳುತ್ತದೆ. ಕಬ್ಬಿಣದ ಚೌಕಟ್ಟು ಮಾಡಿ ಮೇಲೆ ತೂತಿರುವ ರಬ್ಬರ್ ಹಾಕಿಸಿದರೆ ಆಗುತ್ತದಾ? ವೆಲ್ಡರ್ ಶನಿವಾರ ಬರುತ್ತಾನೆ, ಅಷ್ಟರೊಳಗೆ ಹೇಳಿದರೆ ಉಪಕಾರ.